ಟ್ರೌಟ್ ಇಲ್ಲದ ಊರಿನಲ್ಲಿ ಟ್ರೌಟಿನ ಕಾಯಿದೆ

ಏಪ್ರಿಲ್ ಕೊನೆಯ ವಾರ ಬೆಂಗಳೂರಿನಿಂದ ನನ್ನ ಸೋದರಳಿಯ ಮಡಿಕೇರಿಯ ಮನೆಗೆ ಬಂದ. ಹೆಗಲಿಗೆ ಉದ್ದನೆಯದೊಂದು ಕೊಳವೆ ನೇತುಹಾಕಿಕೊಂಡಿದ್ದ. ಕೋವಿ ಇರಬೇಕು ಎಂದುಕೊಂಡೆ. ಕೊಡಗಿನಲ್ಲಿ ಹಾಗೆಂದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಮುಚ್ಚಳ ತೆಗೆದರೆ ಒಳಗೆ ನಾಲ್ಕು ತುಂಡಿನ ಗಾಳದ ಕೋಲು. ಹಿಮಾಚಲದ ತೀರ್ಥನ್ ಕಣಿವೆಯಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿದು ಬಂದಿದ್ದನಂತೆ, ಆ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. "ಮಾವ, ಇಲ್ಲೂ ಬೆಟ್ಟ ಇದೆ, ಮಂಜು ಇದೆ, ತಣ್ಣನೆಯ ತೊರೆ ಇದೆ. ಟ್ರೌಟ್ ಎಲ್ಲಿ ಸಿಗುತ್ತದೆ ಹೇಳಿ" ಎಂದ.

ಎಲ್ಲೂ ಸಿಗುವುದಿಲ್ಲ ಎಂದರೆ ನಂಬುವ ವಯಸ್ಸಲ್ಲ ಅವನದು. ಮನೆಯಲ್ಲಿ ವೈನ್ ಮಾಡಲೆಂದು ಇಟ್ಟುಕೊಂಡಿರುವ ಥರ್ಮಾಮೀಟರನ್ನು ಕಿಸೆಗೆ ಹಾಕಿಕೊಂಡು ತೋಟದ ಕೆಳಗಿನ ತೊರೆಗೆ ಕರೆದುಕೊಂಡು ಹೋದೆ. ಮರದ ನೆರಳು, ಮೊಣಕಾಲುದ್ದ ನೀರು, ಕಾಲಿಟ್ಟರೆ ಹಾಯೆನಿಸುವ ತಂಪು. ಥರ್ಮಾಮೀಟರ್ ಮಾತ್ರ 23 ಡಿಗ್ರಿ ತೋರಿಸಿತು. ನಮ್ಮ ಕಾಲಿಗೆ ತಂಪಾದದ್ದು ಟ್ರೌಟಿಗೆ ಜ್ವರ.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 25 ಡಿಗ್ರಿಗೆ ಏರಿದರೆ 8 ಮಿಲಿಗ್ರಾಂ ಚಿಲ್ಲರೆ. ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಇನ್ನಷ್ಟು ಖೋತಾ. ಇದು ಅರ್ಧ ಕಥೆ. ಮೀನಿಗೆ ನಮ್ಮ ಹಾಗೆ ಸ್ಥಿರವಾದ ಮೈಬಿಸಿ ಇಲ್ಲ; ನೀರು ಬಿಸಿಯಾದಂತೆ ಅದರ ಮೈಯೂ ಬಿಸಿಯಾಗಿ, ದೇಹದೊಳಗಿನ ಕೆಲಸಗಳೆಲ್ಲ ವೇಗ ಹಿಡಿದು, ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ಆದಾಯ ಇಳಿಯುವ ಹೊತ್ತಿಗೇ ಖರ್ಚು ಏರುವ ಸಂಸಾರ ಅದು. ಕಂದು ಟ್ರೌಟ್ 20 ಡಿಗ್ರಿ ದಾಟಿದರೆ ಮೇವು ಬಿಡುತ್ತದೆ, 25ರ ಆಸುಪಾಸಿನಲ್ಲಿ ಪ್ರಾಣ ಬಿಡುತ್ತದೆ.

ನೀಲಗಿರಿಯಲ್ಲಿ ಹೇಗೆ ಬದುಕಿತು ಎಂದು ಅಳಿಯ ಕೇಳಿದ. ಅಲ್ಲಿಯ ತೊರೆಗಳು ಎರಡು ಸಾವಿರ ಮೀಟರಿನ ಮೇಲಿವೆ. ನಮ್ಮ ತಡಿಯಂಡಮೋಳ್ ನೆತ್ತಿಯೇ 1,748 ಮೀಟರ್. ವರ್ಷವಿಡೀ ಹರಿಯುವ ತೊರೆಗಳು ಅದಕ್ಕಿಂತ ಎಷ್ಟೋ ಕೆಳಗೆ. ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಆ ಆರೂವರೆ ಡಿಗ್ರಿ ನಮಗೆ ಸಿಗಲಿಲ್ಲ. ನೀಲಗಿರಿಯಲ್ಲೂ ಮೀನು ತಾನಾಗಿ ಬಂದದ್ದಲ್ಲ, ಮನೆಯ ನೆನಪಿಗೆಂದು ಇಂಗ್ಲಿಷರು ತಂದದ್ದು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಎಂಬ ಮೀನುತಜ್ಞ ಮಾಡಿದ ಮೊದಲ ಯತ್ನಗಳು ಮುಗ್ಗರಿಸಿದವು. ಮಳೆಬಿಲ್ಲು ಟ್ರೌಟ್ ಅಲ್ಲಿ ನೆಲೆಯೂರಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅವಲಾಂಚಿಯ ಮರಿಕೇಂದ್ರದಿಂದ.

ಅಳಿಯನ ಕಿಸೆಯಲ್ಲಿ ಹಿಮಾಚಲದ ಪರವಾನಗಿ ಚೀಟಿ ಇನ್ನೂ ಮಡಚಿಕೊಂಡು ಕೂತಿತ್ತು. ತೋರಿಸುತ್ತ ಗೊಣಗಿದ: ಇಂಥ ತಿಂಗಳು ಕೋಲು ಹಾಕಬಾರದು, ಇಷ್ಟಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳಬಾರದು, ದಿನಕ್ಕೆ ಇಷ್ಟೇ ಮೀನು, ಬಲೆ ಬೀಸಬಾರದು. ಸರ್ಕಾರಿ ಕಾಗದವೆಂದರೆ ಅಡ್ಡಗಾಲು ಎಂಬ ನಂಬಿಕೆ ನಮ್ಮಲ್ಲಿ ರಕ್ತಗತ. ನನಗೆ ಆ ಚೀಟಿ ಬೇರೆಯೇ ಆಗಿ ಕಂಡಿತು. ಅದನ್ನು ಬರೆಸಿದ್ದು ಇಲಾಖೆಯಲ್ಲ, ಮೀನಿನ ಮೈ.

ತಿಂಗಳ ನಿಷೇಧವನ್ನೇ ನೋಡಿ. ಹಿಮಾಚಲದಲ್ಲಿ ನವೆಂಬರ್ ಮೊದಲಿನಿಂದ ಫೆಬ್ರುವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಅದೇ ರಾಜ್ಯದ ಕೆಳಗಿನ ನದಿ, ಜಲಾಶಯಗಳಲ್ಲಿ ಮಾತ್ರ ನಿಷೇಧ ಮಳೆಗಾಲದ ಎರಡು ತಿಂಗಳು. ಒಂದೇ ಇಲಾಖೆ, ಎರಡು ಪಂಚಾಂಗ. ಹೆಣ್ಣು ಟ್ರೌಟ್ ಚಳಿಗಾಲದಲ್ಲಿ ಬಾಲದಿಂದ ಜಲ್ಲಿಕಲ್ಲು ಕೆದಕಿ, ಗುಂಡಿ ತೋಡಿ, ಮೊಟ್ಟೆಯಿಟ್ಟು ಮತ್ತೆ ಕಲ್ಲು ಮುಚ್ಚುತ್ತದೆ. 10 ಡಿಗ್ರಿಯ ನೀರಿನಲ್ಲಿ ಮೊಟ್ಟೆ ಒಡೆಯಲು ಸುಮಾರು ಆರು ವಾರ ಬೇಕು. 5 ಡಿಗ್ರಿಯಾದರೆ ಮೂರು ತಿಂಗಳ ಹತ್ತಿರ. ಅಷ್ಟೂ ದಿನ ಕಲ್ಲಿನ ಸಂದಿಯಲ್ಲಿ ನೀರು ಹರಿಯುತ್ತಲೇ ಇರಬೇಕು. ಗಾಳ ಹಾಕುವವನ ಬೂಟು ಒಮ್ಮೆ ಆ ಗುಂಡಿಯ ಮೇಲೆ ಬಿದ್ದರೆ ಸಾಕು, ಒಂದು ಮೀನನ್ನೂ ಹಿಡಿಯದೆ ನೂರಾರನ್ನು ಕೊಂದ ಹಾಗೆ.

ನಮ್ಮ ಬಿಳಿಮೀನು, ಅಂದರೆ ಮಹಶೀರ್, ಇದಕ್ಕೆ ತದ್ವಿರುದ್ಧ. ಮಳೆಗೆ ಹೊಳೆ ಕೆಂಪಾಗಿ ಉಕ್ಕಿದಾಗ ಅದು ಉಪನದಿಗಳ ಕಡೆಗೆ ಏರುತ್ತದೆ, ಜಲ್ಲಿಯ ಮೇಲೆ ಮೊಟ್ಟೆ ಬಿಡುತ್ತದೆ, ಮರಿ ಮೂರು ನಾಲ್ಕು ದಿನಗಳಲ್ಲೇ ಹೊರಬರುತ್ತದೆ. ಹಾಗಾಗಿ ಇಲ್ಲಿ ಅಪಾಯ ಬೂಟಿನದಕ್ಕಿಂತ ಇಕ್ಕಟ್ಟಿನದು. ನಲವತ್ತು ಅಡಿ ಆಳದ ಮಡುವಿನಲ್ಲಿ ಕೈಗೆ ಸಿಗದ ಮೀನು, ಸೊಂಟದುದ್ದದ ತೊರೆಯಲ್ಲಿ ಸಾಲಾಗಿ ಬಂದು ನಿಲ್ಲುತ್ತದೆ. ಒಂದು ರಾತ್ರಿ ಅಡ್ಡಬಲೆ ಕಟ್ಟಿದರೆ ಇಡೀ ಹೊಳೆಯ ತಾಯಿಮೀನುಗಳು ಬುಟ್ಟಿಗೆ. ಟ್ರೌಟಿನ ಚೀಟಿಯನ್ನು ಯಥಾವತ್ತು ತಂದು ಕಾವೇರಿಗೆ ಅಂಟಿಸಿದರೆ ಚಳಿಗಾಲದಲ್ಲಿ ಸುಮ್ಮನೆ ಕೂತು ಮಳೆಗಾಲದಲ್ಲಿ ಸೂರೆ ಹೊಡೆದಂತಾಗುತ್ತದೆ.

ಹಿಡಿದು ಬಿಡುವುದರಲ್ಲಿ ಏನು ಪಾಪ, ಮೀನು ಈಜಿಕೊಂಡು ಹೋಯಿತಲ್ಲ ಎಂಬುದು ಅಳಿಯನ ಮುಂದಿನ ವಾದ. ಮೊಬೈಲ್ ತೆಗೆದು ಚಿತ್ರ ತೋರಿಸಿದ: ಎರಡೂ ಕೈಗಳಲ್ಲಿ ಹೊಳೆಯುವ ಟ್ರೌಟ್, ಹಿಂದೆ ದೇವದಾರು ಮರ, ಬಾಯ್ತುಂಬ ನಗು. ಎಷ್ಟು ಹೊತ್ತು ನೀರಿನಿಂದ ಹೊರಗಿಟ್ಟಿದ್ದೆ ಎಂದು ಕೇಳಿದೆ. ಒಂದು ನಿಮಿಷ ಇರಬಹುದು, ಎಂದ.

ಆ ಒಂದು ನಿಮಿಷದ ಲೆಕ್ಕವನ್ನು 1992ರಲ್ಲಿ ಕೆನಡಾದ ಇಬ್ಬರು ವಿಜ್ಞಾನಿಗಳು ಬಿಡಿಸಿದ್ದಾರೆ. ಮಳೆಬಿಲ್ಲು ಟ್ರೌಟ್‌ಗಳನ್ನು ಗಾಳಕ್ಕೆ ಸಿಕ್ಕಿದಂತೆ ಸುಸ್ತಾಗುವವರೆಗೆ ಓಡಿಸಿದರು. ಸುಸ್ತಾದರೂ ನೀರಿನಲ್ಲೇ ಇದ್ದವುಗಳಲ್ಲಿ ಸತ್ತದ್ದು ಶೇ 12. ಸುಸ್ತಾದ ಮೇಲೆ 30 ಸೆಕೆಂಡ್ ಗಾಳಿಯಲ್ಲಿ ಹಿಡಿದವುಗಳಲ್ಲಿ ಶೇ 38. ಒಂದು ನಿಮಿಷ ಹಿಡಿದವುಗಳಲ್ಲಿ ಶೇ 72. ಪ್ರಯೋಗಾಲಯದ ಅಂಕಿ ನಿಜ, ಎಲ್ಲ ಹೊಳೆಗೂ ಇದೇ ಲೆಕ್ಕ ಎನ್ನಲಾಗದು. ಆದರೂ ಕಾರಣ ಎಲ್ಲೆಡೆ ಒಂದೇ. ಕಿವಿರುಗಳ ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಹೊರಗೆ ತೆಗೆದೊಡನೆ ಒದ್ದೆ ಕೂದಲಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗುದ್ದಾಡಿ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ಏದುಸಿರು ಬಿಡಬೇಕಾದ ಹೊತ್ತಿಗೇ ನಾವು ಅದರ ಮೂಗು ಮುಚ್ಚಿ ಫೋಟೊಕ್ಕೆ ನಿಲ್ಲಿಸುತ್ತೇವೆ. ಮೀನು ಈಜಿಕೊಂಡು ಹೋಗುವುದು ಹೌದು, ಸಾಯುವುದು ಆಮೇಲೆ, ನಮ್ಮ ಕಣ್ಣಿಗೆ ಬೀಳದ ಬಂಡೆಯ ಬುಡದಲ್ಲಿ. ಅಳಿಯ ಮೊಬೈಲನ್ನು ಕಿಸೆಗಿಟ್ಟುಕೊಂಡ. ಇಷ್ಟು ಹೇಳಬಾರದಿತ್ತೇನೋ.

ಉಳಿದ ಶಿಸ್ತುಗಳೂ ಇದೇ ಜಾಡಿನವು. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಒಣ ಕೈಗೆ ಅದರ ಮೈಯ ಲೋಳೆ ಕಿತ್ತುಬರುತ್ತದೆ. ಬೂಷ್ಟಿನ ರೋಗವನ್ನು ತಡೆಯುವುದು ಆ ಲೋಳೆಯೇ. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಮರಿಮುಳ್ಳನ್ನು ಇಕ್ಕಳದಿಂದ ಅದುಮಿದರೆ ಬಿಡಿಸಲು ಹಿಡಿಯುವ ಸಮಯ ಕಡಿಮೆಯಾಗುತ್ತದೆ. ಎರೆಹುಳುವನ್ನು ಮೀನು ನುಂಗುತ್ತದೆ, ಗಾಳ ಗಂಟಲಿಗಿಳಿಯುತ್ತದೆ. ಗರಿ, ನೂಲು ಸುತ್ತಿದ ಕೃತಕ ನೊಣವಾದರೆ ಹೆಚ್ಚಾಗಿ ತುಟಿಯಲ್ಲೇ ನಿಲ್ಲುತ್ತದೆ. ಅಮೆರಿಕದ ಮೊಂಟಾನಾದಲ್ಲಿ ಸಾಮಾನ್ಯವಾಗಿ ಹೊಳೆಯ ನೀರು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿತೆಂದರೆ ಮಧ್ಯಾಹ್ನ ಎರಡರ ನಂತರ ಗಾಳ ನಿಷಿದ್ಧ. ನನ್ನ ಥರ್ಮಾಮೀಟರ್ ತೋರಿಸಿದ್ದೂ ಅದೇ 23.

ಇನ್ನು ಕೆರೆಗಳು. ಕಾಫಿ ತೋಟದ ಕೆರೆಗೆ ತಂದು ಬಿಟ್ಟ ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದೇ ಇಲ್ಲ. ಅಲ್ಲಿ ಋತುವಿನ ನಿಷೇಧಕ್ಕೆ ಅರ್ಥವಿಲ್ಲ. ಬಿತ್ತಿದವನು ಕೊಯ್ಯುತ್ತಾನೆ, ಅಷ್ಟೇ.

ಹೊಳೆಯ ಲೆಕ್ಕ ಅಷ್ಟು ಸುಲಭವಲ್ಲ. ದಿನಕ್ಕೆ ಎಷ್ಟು ಮೀನು, ಎಷ್ಟು ತೂಕ ಎಂದು ಬರೆದಿಡಬೇಕೆಂಬ ನಿಯಮವನ್ನು ಗಾಳದವರು ಶುದ್ಧ ತಲೆನೋವು ಎಂದುಕೊಳ್ಳುತ್ತಾರೆ. ಕಾವೇರಿಯ ಕೆಳಹರಿವಿನ ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಹಾಗೆ ಬರೆದಿಟ್ಟ ಪುಸ್ತಕಗಳು ಉಳಿದುಕೊಂಡಿದ್ದವು. ಎಲ್ಲವೂ ಹಿಡಿದು ಬಿಟ್ಟ ಮಹಶೀರ್‌ಗಳೇ, 6,000ಕ್ಕೂ ಹೆಚ್ಚು. ಸಂಶೋಧಕರು ಕೂಡಿ ಕಳೆದಾಗ ಒಂದು ವಿಚಿತ್ರ ಕಂಡಿತು. ಮೀನಿನ ಸಂಖ್ಯೆ ಏರುತ್ತಿತ್ತು, ಎಲ್ಲರೂ ಖುಷಿ. ಬಿಡಿಸಿ ನೋಡಿದರೆ ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿ, ಒಳ್ಳೆಯ ಉದ್ದೇಶದಿಂದಲೇ ನದಿನದಿಗೂ ಹಂಚಿದ ತಳಿ. ಕಾವೇರಿಯದೇ ಆದ, ಬೆನ್ನಲ್ಲಿ ಡುಬ್ಬವಿರುವ ಮಹಶೀರ್‌ನ ಸಂಖ್ಯೆ ಇಳಿಯುತ್ತಿತ್ತು, ಸರಾಸರಿ ತೂಕ ಮಾತ್ರ ಹೆಚ್ಚುತ್ತಿತ್ತು. ಮೀನು ದಪ್ಪವಾಗುತ್ತಿದೆ ಎಂದು ಹಿಗ್ಗುವ ವಿಷಯವಲ್ಲ ಇದು. ಶಾಲೆಯಲ್ಲಿ ಮಕ್ಕಳ ಸರಾಸರಿ ವಯಸ್ಸು ವರ್ಷವರ್ಷ ಏರುತ್ತಿದೆ ಎಂದರೆ ಒಂದನೇ ತರಗತಿಗೆ ಯಾರೂ ಸೇರುತ್ತಿಲ್ಲ ಎಂದರ್ಥ.

ಇದೇ ಜಾತಿಯ ಮೀನು 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಬಿದ್ದಾಗ 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕಿಲೊ. ಜಗತ್ತಿನ ಗಾಳಗಾರರೆಲ್ಲ ಬಲ್ಲ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದೆಂದು ಖಚಿತವಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ನಾಮಕರಣ, ತಿಥಿ ಎರಡಕ್ಕೂ ಒಟ್ಟಿಗೆ ಕರೆದ ಹಾಗೆ.

ಅದೇ 2018ರ ಆಗಸ್ಟಿನಲ್ಲಿ ನಮ್ಮ ಬೆಟ್ಟಗಳು ಜಾರಿದವು. ಮಕ್ಕಂದೂರು, ಮುಕ್ಕೋಡ್ಲು ಕಡೆಯ ಮಣ್ಣು ಹಟ್ಟಿಹೊಳೆಗೆ ಇಳಿದು ಹಾರಂಗಿಯವರೆಗೂ ಹೋಯಿತು. ಮೊಟ್ಟೆಗೆ ಬೇಕಾದ ಜಲ್ಲಿಯ ಸಂದಿಯಲ್ಲಿ ಹೂಳು ಕೂತರೆ ಯಾವ ಪರವಾನಗಿ ಚೀಟಿಯೂ ಅದನ್ನು ಕೆರೆದು ತೆಗೆಯಲಾರದು.

ಕಾಯಿದೆಗೇನೂ ಬರವಿಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದಿದೆ. ಸಿಡಿಮದ್ದಿನ ಅಲೆಗೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ. ತೇಲಿದ್ದಷ್ಟೇ ಹಿಡಿದವನಿಗೆ, ಮುಳುಗಿದ್ದು ಯಾರಿಗೂ ಇಲ್ಲ. ಕುಶಾಲನಗರದ ಬಳಿಯ ವಾಲ್ನೂರಿನಲ್ಲಿ ಕೊಡಗು ವನ್ಯಜೀವಿ ಸಂಘ ಕಾವೇರಿಯ ಒಂದು ಭಾಗವನ್ನು ಕಾಯುತ್ತ, ಹಿಡಿದು ಬಿಡುವ ಷರತ್ತಿನ ಮೇಲೆ ಗಾಳಕ್ಕೆ ಅನುಮತಿ ಕೊಡುತ್ತ ಬಂದದ್ದುಂಟು. ಇನ್ನೂ ಕೆಳಗೆ ಹೋದರೆ ರಾಮನಾಥಪುರ. ಅಲ್ಲಿ ಚೀಟಿಯಿಲ್ಲ, ಷರತ್ತಿಲ್ಲ. ದೇವಸ್ಥಾನದ ಮೆಟ್ಟಿಲ ಬಳಿ ದೇವರ ಮೀನುಗಳು ಮಂಡಕ್ಕಿಗೆ ಬಾಯಿ ತೆರೆದು ಮುಗಿಬೀಳುತ್ತವೆ, ಗಾಳ ಹಾಕುವ ಯೋಚನೆಯೂ ಯಾರಿಗೂ ಬರುವುದಿಲ್ಲ. ನಮ್ಮ ದೇವರಕಾಡಿನ ಕ್ರಮವೇ ನೀರಿಗಿಳಿದಂತೆ. ದೇವರ ಗಡಿ ದಾಟಿದ ಮೀನಿನ ಗತಿ ಏನೆಂಬುದನ್ನು ಮಾತ್ರ ಕೇಳಬಾರದು.

ಅಳಿಯ ಮೂರು ದಿನ ಇದ್ದ. ಕೋಲು ಕೊಳವೆಯಿಂದ ಹೊರಬರಲಿಲ್ಲ. ಹೊರಡುವ ದಿನ ಜಗಲಿಯಲ್ಲಿ ಕೂತು, ನನ್ನ ಇಕ್ಕಳ ಇಸಿದುಕೊಂಡು, ತನ್ನ ಡಬ್ಬಿಯಲ್ಲಿದ್ದ ಗಾಳಗಳ ಮರಿಮುಳ್ಳುಗಳನ್ನು ಒಂದೊಂದಾಗಿ ಅದುಮಿದ. ತಲೆಯೆತ್ತಿದಾಗ ಅಟ್ಟದ ಅಂಚಿನಲ್ಲಿ ಬಿದಿರಿನ ಕೂಣಿ ಕಣ್ಣಿಗೆ ಬಿತ್ತು. ಅದೇನು ಎಂದು ಕೇಳಿದ. ಮಳೆಗೆ ಗದ್ದೆಗೆ ಹತ್ತುವ ಮೀನಿಗೆ ತೂಬಿನ ಬಾಯಲ್ಲಿ ಇಡುವ ಬುಟ್ಟಿ, ನನ್ನ ಅಜ್ಜನ ಕಾಲದ್ದು, ಎಂದೆ. ಮೀನು ಯಾಕೆ ಹತ್ತುತ್ತದೆ ಎಂದು ಅವನು ಕೇಳಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದ.

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಫೋನ್ ಬಂತು. "ಮಾವ, ಕೂಣಿ ಅಟ್ಟದ ಮೇಲೆಯೇ ಇದೆ ತಾನೇ?"

ಹೆಂಚಿನ ಮೇಲೆ ಮಳೆ ಜೋರಾಗಿತ್ತು. ಸರಿಯಾಗಿ ಕೇಳಿಸುತ್ತಿಲ್ಲ ಎಂದೆ.