ಅಡಾಪ್ಟರ್ ಬದಲಿಸುವುದು ಪಿನ್ನನ್ನು, ಕರೆಂಟನ್ನಲ್ಲ

ಕುಷ್ಟಗಿ, ಯಲಬುರ್ಗಾ ಕಡೆಯ ತೋಟದ ಮನೆಗಳಲ್ಲಿ ಇರುವವರಿಗೆ ಇದು ಹೊಸದಲ್ಲ. ಬೇಸಿಗೆಯಲ್ಲಿ ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಬೋರ್‌ವೆಲ್ ಮೋಟರ್‌ಗಳೆಲ್ಲ ಒಟ್ಟಿಗೇ ಶುರುವಾಗುತ್ತವೆ. ವೋಲ್ಟೇಜ್ ಕುಸಿಯುತ್ತದೆ. ಟ್ಯೂಬ್‌ಲೈಟ್ ಮಿಣಮಿಣ ಅನ್ನುತ್ತದೆ, ಹತ್ತುವುದಿಲ್ಲ. ಫ್ಯಾನಿನ ರೆಕ್ಕೆ ಎಣಿಸಬಹುದು. ಫ್ರಿಜ್ಜಿನ ಸ್ಟೆಬಿಲೈಜರ್ ಟಕ್ ಟಕ್ ಅಂತ ಬಡಿದುಕೊಳ್ಳುತ್ತದೆ. ಆದರೆ ಗೋಡೆಗೆ ಸಿಕ್ಕಿಸಿದ ಮೊಬೈಲ್ ಚಾರ್ಜರ್‌ಗೆ ಏನೂ ಆಗಿರುವುದಿಲ್ಲ. 230 ವೋಲ್ಟ್ ಇರಬೇಕಾದ ಕಡೆ 150 ಬಂದರೂ ಫೋನು ಎಂದಿನಂತೆ ಚಾರ್ಜ್ ಆಗುತ್ತಿರುತ್ತದೆ.

ಇದನ್ನು ಒಮ್ಮೆ ಗಮನಿಸಿದವರು "ಅಮೆರಿಕದಲ್ಲಿ 120 ವೋಲ್ಟ್ ಅಂತೆ, ನಮ್ಮ ಫೋನು ಕೆಡುತ್ತಾ?" ಅಂತ ಕೇಳಬೇಕಾಗಿಲ್ಲ. ಆದರೂ ಎಲ್ಲರೂ ಕೇಳುತ್ತಾರೆ. ಮಗಳ ಬಾಣಂತನಕ್ಕೆ ಡಲ್ಲಾಸ್‌ಗೆ ಹೊರಟ ತಾಯಿ ಕೇಳುತ್ತಾರೆ. ಉಮ್ರಾಕ್ಕೆ ಹೊರಟ ರಾಯಚೂರಿನ ಹಿರಿಯರು ಕೇಳುತ್ತಾರೆ. ತೋರಣಗಲ್ಲಿನಿಂದ ಜರ್ಮನಿಗೆ ಟ್ರೈನಿಂಗ್‌ಗೆ ಹೋಗುವ ಎಂಜಿನಿಯರ್ ಕೂಡ ಕೇಳುತ್ತಾರೆ. ಅಂಗಡಿಯವರ ಉತ್ತರ ಬಹಳ ಸಲ ಒಂದೇ: "ಈ ಅಡಾಪ್ಟರ್ ತಗೊಳ್ಳಿ ಸರ್, ಅಲ್ಲಿನ ಕರೆಂಟನ್ನ ನಮ್ಮ ಕರೆಂಟ್ ಮಾಡುತ್ತೆ."

ಮಾಡುವುದಿಲ್ಲ. ಅಂಥದ್ದೊಂದು ಅಡಾಪ್ಟರ್‌ನ ಸ್ಕ್ರೂ ಬಿಚ್ಚಿ ನೋಡಿ. ಒಳಗೆ ಹಿತ್ತಾಳೆ ಪಟ್ಟಿಗಳು ಬಿಟ್ಟರೆ ಏನೂ ಇರುವುದಿಲ್ಲ. ಒಂದು ಕಡೆ ನಮ್ಮ ಪಿನ್ನು ಹಿಡಿಯುವ ತೂತು, ಇನ್ನೊಂದು ಕಡೆ ಆ ದೇಶದ ಪಿನ್ನು, ನಡುವೆ ಲೋಹ. 120 ವೋಲ್ಟ್ ಬಂದರೆ 120 ಹೊರಗೆ ಹೋಗುತ್ತದೆ, 230 ಬಂದರೆ 230. ನಿಜವಾದ ಕೆಲಸ ನಡೆಯುವುದು ನಿಮ್ಮ ಚಾರ್ಜರ್ ಒಳಗೆ. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಟೇಪ್ ರೆಕಾರ್ಡರ್ ಕಾಲದ ಎಲಿಮಿನೇಟರ್, ಅಂದರೆ ಸೆಲ್ಲಿನ ಬದಲು ಗೋಡೆಯ ಕರೆಂಟಿನಿಂದ ನಡೆಸಲು ಹಾಕುತ್ತಿದ್ದ ಡಬ್ಬಿ, ನೆನಪಿದೆಯಾ? ಸೈಜಿಗೆ ಮೀರಿದ ಭಾರ, ಸ್ವಲ್ಪ ಹೊತ್ತಿಗೇ ಬಿಸಿ. ಒಳಗೆ ಕಬ್ಬಿಣದ ತಗಡುಗಳ ಮೇಲೆ ತಾಮ್ರದ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್. ಎಷ್ಟು ಸುತ್ತು ಅನ್ನುವುದು ಫ್ಯಾಕ್ಟರಿಯಲ್ಲೇ ಖಾಯಂ ಆಗಿರುತ್ತಿತ್ತು. 230 ವೋಲ್ಟ್ ಕೊಟ್ಟರೆ 9 ಬರುವಂತೆ ಸುತ್ತಿದ್ದರೆ, 115 ಕೊಟ್ಟಾಗ ನಾಲ್ಕೂವರೆಯೇ ಬರುತ್ತಿತ್ತು. ಅಮೆರಿಕದಿಂದ ತಂದ ಎಲಿಮಿನೇಟರನ್ನು ಇಲ್ಲಿ ಸಿಕ್ಕಿಸಿದರೆ ಎರಡರಷ್ಟು ವೋಲ್ಟೇಜ್ ಬಿದ್ದು ಸುಟ್ಟೇ ಹೋಗುತ್ತಿತ್ತು. 'ಫಾರಿನ್ ಕರೆಂಟ್' ಎಂಬ ಭಯ ಬೆಳೆದಿದ್ದು ಆ ಕಾಲದಲ್ಲಿ. ಆಗ ಅದು ಸರಿಯಾದ ಭಯವೇ ಆಗಿತ್ತು.

ಈಗಿನ ಚಾರ್ಜರ್ ಹಾಗಲ್ಲ. ಗೋಡೆಯಿಂದ ಬಂದ ಕರೆಂಟು ಸೆಕೆಂಡಿಗೆ 50 ಅಥವಾ 60 ಸಲ ಹಿಂದೆ ಮುಂದೆ ಓಡಾಡುತ್ತಿರುತ್ತದೆ, ಈ ಲೆಕ್ಕವೇ ಹರ್ಟ್ಜ್. ಮೊದಲು ನಾಲ್ಕು ಡಯೋಡ್‌ಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಪಕ್ಕದಲ್ಲಿರುವ ಸಣ್ಣ ಉರುಟು ಕೆಪಾಸಿಟರ್ ಅದನ್ನು ತುಂಬಿಟ್ಟುಕೊಳ್ಳುತ್ತದೆ. ನಾವು 230 ಅನ್ನುವ ಕರೆಂಟಿನ ತುತ್ತತುದಿ ಸುಮಾರು 325 ವೋಲ್ಟ್. ಆದ್ದರಿಂದ ನಮ್ಮಲ್ಲಿ ಆ ಕೆಪಾಸಿಟರ್ ಸುಮಾರು 325ಕ್ಕೆ ತುಂಬುತ್ತದೆ, ಅಮೆರಿಕದಲ್ಲಿ 170ಕ್ಕೆ, ಜಪಾನಿನಲ್ಲಿ 141ಕ್ಕೆ. 50 ಹರ್ಟ್ಜೋ 60 ಹರ್ಟ್ಜೋ ಅನ್ನುವ ಪ್ರಶ್ನೆ ಇಲ್ಲಿಗೇ ಮುಗಿಯಿತು. ಒಮ್ಮೆ ಒಂದೇ ದಿಕ್ಕಿಗೆ ತಿರುಗಿದ ಮೇಲೆ ಹರ್ಟ್ಜ್ ಎಲ್ಲಿಂದ ಬರಬೇಕು?

ಈಗ ವಿಚಿತ್ರ ಕೆಲಸವೊಂದು ನಡೆಯುತ್ತದೆ. ಇಷ್ಟು ಕಷ್ಟಪಟ್ಟು ನೇರ ಮಾಡಿದ ಕರೆಂಟನ್ನು ಒಂದು ಟ್ರಾನ್ಸಿಸ್ಟರ್ ಮತ್ತೆ ತುಂಡು ತುಂಡು ಮಾಡುತ್ತದೆ. ಸೆಕೆಂಡಿಗೆ 50 ಸಲ ಅಲ್ಲ, ಲಕ್ಷದ ಆಸುಪಾಸು. ಏಕೆ ಅಂದರೆ, ಟ್ರಾನ್ಸ್‌ಫಾರ್ಮರ್ ಒಂದು ಸುರುಳಿಯಿಂದ ಇನ್ನೊಂದಕ್ಕೆ ಶಕ್ತಿ ದಾಟಿಸುವುದು ಕಾಂತಕ್ಷೇತ್ರ ಏರಿಳಿದಾಗ ಮಾತ್ರ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟಿದ್ದು ಇದನ್ನೇ. ತೊಟ್ಟಿಯ ನೀರನ್ನು ಐವತ್ತೇ ಸಲದಲ್ಲಿ ಸಾಗಿಸಬೇಕು ಅಂದರೆ ದೊಡ್ಡ ಕೊಡ ಬೇಕು. ಲಕ್ಷ ಸಲ ಓಡಾಡುವುದಾದರೆ ಚಮಚ ಸಾಕು. ಎಲಿಮಿನೇಟರ್‌ನ ಕಬ್ಬಿಣದ ಗಟ್ಟಿ ಕರಗಿ ಈಗಿನ ಚಾರ್ಜರ್‌ನ ಪುಟ್ಟ ಫೆರೈಟ್ ತುಂಡಾಗಿದ್ದು ಇದರಿಂದಲೇ. ಲ್ಯಾಪ್‌ಟಾಪ್ ಚಾರ್ಜರ್ ಜೇಬಿಗೆ ಬಂದಿದ್ದೂ ಇದರಿಂದಲೇ.

ಆ ಟ್ರಾನ್ಸಿಸ್ಟರ್ ಪ್ರತಿ ಸಲ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ಬದಲಾಯಿಸಬಹುದು. ಎಲ್ಲ ಗುಟ್ಟು ಇರುವುದು ಅಲ್ಲೇ. ಬರುವ ವೋಲ್ಟೇಜ್ ಕಡಿಮೆಯಾದರೆ ಜಾಸ್ತಿ ಹೊತ್ತು ತೆರೆದಿರುತ್ತದೆ, ಜಾಸ್ತಿಯಾದರೆ ಬೇಗ ಮುಚ್ಚಿಕೊಳ್ಳುತ್ತದೆ. ಫೋನಿನ ಕಡೆ ಮಾತ್ರ ಯಾವಾಗಲೂ ಅಷ್ಟೇ ಬರುತ್ತದೆ. ಆದರೆ ಆ ಕಡೆ ಎಷ್ಟು ಬರುತ್ತಿದೆ ಅಂತ ಈ ಕಡೆಯ ಟ್ರಾನ್ಸಿಸ್ಟರ್‌ಗೆ ಗೊತ್ತಾಗುವುದು ಹೇಗೆ? ಎರಡರ ನಡುವೆ ತಂತಿ ಎಳೆದು ನೇರವಾಗಿ ತಿಳಿಸುವಂತಿಲ್ಲ. ಹಾಗೆ ಮಾಡಿದರೆ ಗೋಡೆಯ ಕರೆಂಟು ಫೋನಿನ ತನಕ ಬಂದು ಮುಟ್ಟಿದವರಿಗೆ ಹೊಡೆಯುತ್ತದೆ. ಅದಕ್ಕೆ ಅನೇಕ ಚಾರ್ಜರ್‌ಗಳಲ್ಲಿ ನಾಲ್ಕು ಕಾಲಿನ ಒಂದು ಕಪ್ಪು ತುಂಡು ಇರುತ್ತದೆ. ಅದರೊಳಗೆ ಒಂದು ಬದಿಗೆ ಪುಟ್ಟ ಎಲ್‌ಇಡಿ, ಎದುರಿಗೆ ಬೆಳಕು ಕಂಡುಹಿಡಿಯುವ ಸಾಧನ. ಫೋನಿನ ಕಡೆ ವೋಲ್ಟೇಜ್ ಏರಿದರೆ ಎಲ್‌ಇಡಿ ಜಾಸ್ತಿ ಹೊಳೆಯುತ್ತದೆ. ಈ ಕಡೆಯವನು ಅದನ್ನು ನೋಡಿ ಕೈ ಬಿಗಿ ಮಾಡುತ್ತಾನೆ. ಮುಚ್ಚಿದ ಡಬ್ಬಿಯ ಕತ್ತಲಲ್ಲಿ, ಬರೀ ಬೆಳಕಿನ ಸನ್ನೆಯಲ್ಲಿ ಈ ಮಾತುಕತೆ ಬಿಡುವಿಲ್ಲದೆ ನಡೆಯುತ್ತಿರುತ್ತದೆ. ಇಡೀ ಚಾರ್ಜರ್‌ನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ಹಾಗಾಗಿ "ಅಲ್ಲಿ ಕರೆಂಟ್ ಅರ್ಧ, ಚಾರ್ಜ್ ಕೂಡ ನಿಧಾನ" ಅನ್ನುವುದು ಸುಮ್ನೆ ಮಾತು. 20 ವ್ಯಾಟ್‌ನ ಚಾರ್ಜರ್ ಅಮೆರಿಕದಲ್ಲೂ 20 ವ್ಯಾಟನ್ನೇ ಕೊಡುತ್ತದೆ. ಗೋಡೆಯಿಂದ ಎಳೆಯುವ ಆಂಪಿಯರ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಅಷ್ಟೇ. ಫೋನಿನ ಬ್ಯಾಟರಿಗೆ ತಾನು ಯಾವ ದೇಶದಲ್ಲಿದ್ದೇನೆ ಅಂತ ಗೊತ್ತೇ ಆಗುವುದಿಲ್ಲ. ಬ್ಯಾಟರಿಯ ನಿಜವಾದ ಶತ್ರು ಬಿಸಿ. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡಿದರೆ ಅದು ಸಿಂಗಾಪುರದಲ್ಲೂ ಹಾಳು, ಸಿರುಗುಪ್ಪದಲ್ಲೂ ಹಾಳು.

ನಿಮ್ಮ ಚಾರ್ಜರ್ ಈ ಜಾತಿಯದೇ ಅಂತ ತಿಳಿಯುವುದು ಸುಲಭ. ಅದರ ಮೈಮೇಲೆ ಇರುವೆಯಷ್ಟು ಸಣ್ಣ ಅಕ್ಷರ ಇರುತ್ತದೆ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. 'ಇನ್‌ಪುಟ್' ಅನ್ನುವಲ್ಲಿ 100–240 ವೋಲ್ಟ್, 50/60 ಹರ್ಟ್ಜ್ ಅಂತ ಇದ್ದರೆ ಜಗತ್ತಿನ ಯಾವ ಮನೆಯ ಪ್ಲಗ್ಗಿಗೂ ಅದು ಸರಿ. ಬೇಕಾಗಿರುವುದು ಪಿನ್ನಿನ ಆಕಾರ ಬದಲಿಸುವ ಅಗ್ಗದ ತುಂಡು ಮಾತ್ರ. ಬರೀ 220–240 ಅಂತ ಇದ್ದರೆ ಅಮೆರಿಕ, ಕೆನಡಾ, ಜಪಾನಿಗೆ ಒಯ್ಯಬೇಡಿ.

ಅಷ್ಟಕ್ಕೂ ಒಂದೊಂದು ದೇಶಕ್ಕೆ ಒಂದೊಂದು ಏಕೆ? ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಕರೆಂಟು ಕೊಡಲು ಶುರು ಮಾಡಿದಾಗ, ಅವರ ಕಾರ್ಬನ್ ಎಳೆಯ ಬಲ್ಬು ಚೆನ್ನಾಗಿ ಉರಿಯುತ್ತಿದ್ದದ್ದು 100 ವೋಲ್ಟಿನ ಆಸುಪಾಸಿನಲ್ಲಿ. 110 ಖಾಯಂ ಆಯಿತು. ಬರ್ಲಿನ್ನಿನ ವಿದ್ಯುತ್ ಕಂಪನಿ 1899ರಲ್ಲಿ 220ಕ್ಕೆ ಹಾರಿತು. ವೋಲ್ಟೇಜ್ ಎರಡರಷ್ಟಾದರೆ ಅದೇ ತಂತಿಯಲ್ಲಿ ಜಾಸ್ತಿ ವಿದ್ಯುತ್ ಶಕ್ತಿ ಸಾಗಿಸಬಹುದು, ತಾಮ್ರದ ಖರ್ಚು ಉಳಿಯುತ್ತದೆ. ಯುರೋಪು ಆ ದಾರಿ ಹಿಡಿಯಿತು. ಅಮೆರಿಕದಲ್ಲಿ ಅಷ್ಟರಲ್ಲಿ ಹಳೆಯ ವೋಲ್ಟೇಜಿನ ಬಲ್ಬು ಬಹಳ ಕಡೆ ಬಂದಾಗಿತ್ತು, ಹಾಗಾಗಿ ಅದು ಅದರ ಆಸುಪಾಸಿನಲ್ಲೇ ಉಳಿಯಿತು.

ಜಪಾನಿನ ಕಥೆ ಇನ್ನೂ ವಿಚಿತ್ರ. 1895ರಲ್ಲಿ ಟೋಕಿಯೊ ಜರ್ಮನಿಯಿಂದ 50 ಹರ್ಟ್ಜಿನ ಜನರೇಟರ್ ತರಿಸಿತು. ಮರುವರ್ಷ ಒಸಾಕಾ ಅಮೆರಿಕದಿಂದ 60 ಹರ್ಟ್ಜಿನದು ತರಿಸಿತು. ದೇಶ ಇವತ್ತಿಗೂ ಎರಡು ಭಾಗ: ಪೂರ್ವಕ್ಕೆ 50, ಪಶ್ಚಿಮಕ್ಕೆ 60. 2011ರ ಭೂಕಂಪದಲ್ಲಿ ಪೂರ್ವದ ಸ್ಥಾವರಗಳು ನಿಂತಾಗ, ಪಶ್ಚಿಮದಿಂದ ದಾಟಿಸಲು ಆಗುತ್ತಿದ್ದದ್ದು ಸುಮಾರು 1,000 ಮೆಗಾವ್ಯಾಟ್ ಮಾತ್ರ. ನಮ್ಮ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್ ಒಂದರದೇ ಸಾಮರ್ಥ್ಯ 1,720 ಮೆಗಾವ್ಯಾಟ್! ಹೋಲಿಸಿ ನೋಡಿ, ನಮ್ಮಲ್ಲಿ ಇಡೀ ದೇಶ ಒಂದೇ ತಾಳಕ್ಕೆ ತಿರುಗುತ್ತದೆ. ದಕ್ಷಿಣದ ಗ್ರಿಡ್ ಉಳಿದ ಭಾರತದ ಜೊತೆ ಹೀಗೆ ಒಂದಾಗಿದ್ದು 2013ರ ಡಿಸೆಂಬರ್ 31ರಂದು, ಅದೂ ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಲೈನಿನ ಮೂಲಕ. ರಾಯಚೂರಿನ ಮಕ್ಕಳಿಗೆ ಶಾಲೆಯಲ್ಲಿ ಇದನ್ನು ಹೇಳಿಕೊಡಬೇಕು ಅಂತ ನನ್ನ ಆಸೆ.

ಪಿನ್ನಿನ ಕಥೆ ಚಿಕ್ಕದು. ನಮ್ಮ ಮೂರು ಉರುಟು ಪಿನ್ನು ಬ್ರಿಟನ್ನಿನ 1934ರ ಮಾನದಂಡದ್ದು. ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು, ರಾಯಚೂರು–ಕೊಪ್ಪಳ ನಿಜಾಮರಲ್ಲಿ. ಆದರೂ ಉಳಿದದ್ದು ಒಂದೇ ಪಿನ್ನು. 1947ರಲ್ಲಿ ಬ್ರಿಟನ್ ಚೌಕಾಕಾರದ ಹೊಸ ಮೂರು ಪಿನ್ನು ತಂದಿತು, ಒಳಗೊಂದು ಫ್ಯೂಸ್ ಸಮೇತ. ಅವರು ಹಳೆಯದನ್ನು ಬಿಟ್ಟರು, ನಾವು ಇಟ್ಟುಕೊಂಡೆವು. ದುಬೈ, ಸೌದಿ, ಸಿಂಗಾಪುರ, ಮಲೇಷ್ಯಾದಲ್ಲಿ ಕಾಣುವುದು ಆ ಚೌಕಾಕಾರದ್ದೇ.

ಮೆಕ್ಕಾಕ್ಕೆ ಹೋಗುವವರಿಗೆ ಒಂದು ಮಾತು ಇಲ್ಲೇ ಹೇಳುತ್ತೇನೆ. ಸೌದಿಯಲ್ಲಿ ಹಿಂದೆ 127 ಮತ್ತು 220 ಎರಡೂ ವೋಲ್ಟೇಜ್ ಇದ್ದವು. 2010ರಲ್ಲಿ ಹಂತಹಂತವಾಗಿ 230ಕ್ಕೆ ಬದಲಾಯಿಸಲು ಅಲ್ಲಿನ ಸರ್ಕಾರ ತೀರ್ಮಾನಿಸಿತು. ಹರ್ಟ್ಜ್ ಮಾತ್ರ 60. ನಿಮ್ಮ ಚಾರ್ಜರ್‌ಗೆ ಇದು ಲೆಕ್ಕಕ್ಕಿಲ್ಲ. ಅಪಾಯ ಇರುವುದು ಬೇರೆ ಕಡೆ. ಆ ಸಾಕೆಟ್ಟಿನ ಕೆಳಗಿನ ಎರಡು ತೂತಿಗೆ ಒಳಗಿನಿಂದ ಬಾಗಿಲು ಇರುತ್ತದೆ. ಮೇಲಿನ ಅರ್ಥ್ ತೂತಿಗೆ ಪಿನ್ನು ಹೋದರೆ ಮಾತ್ರ ಅದು ತೆರೆಯುತ್ತದೆ, ಮಕ್ಕಳ ಬೆರಳು ಹೋಗಬಾರದು ಅಂತ. ನಮ್ಮವರು ಪೆನ್ನಿನ ಕ್ಯಾಪನ್ನೋ ಬೀಗದ ಕೈಯನ್ನೋ ಅರ್ಥ್ ತೂತಿಗೆ ಚುಚ್ಚಿ, ಕೆಳಗೆ ಎರಡು ಪಿನ್ನಿನ ಚಾರ್ಜರ್ ತುರುಕುತ್ತಾರೆ. ಬೀಗದ ಕೈ ಅಂತೂ ಮಾಡಲೇಬಾರದ ಕೆಲಸ. ಪ್ಲಾಸ್ಟಿಕ್ ಕ್ಯಾಪ್ ಆದರೂ, ಚೌಕದ ತೂತಿನಲ್ಲಿ ಉರುಟು ಪಿನ್ನು ಸರಿಯಾಗಿ ಕೂರುವುದಿಲ್ಲ. ಸಡಿಲ ಇದ್ದ ಕಡೆ ಚರ್ ಚರ್ ಅಂತ ಕಿಡಿ, ಅಲ್ಲೇ ಬಿಸಿ, ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಸಣ್ಣ ಅಡಾಪ್ಟರ್ ತಗೊಂಡರೆ ಈ ಗೋಳೇ ಇಲ್ಲ.

ಯುರೋಪಿಗೆ ಹೋಗುವವರಿಗೆ ಸುಲಭ. ನಮ್ಮ ಎರಡು ಪಿನ್ನಿನ ಬಹುಪಾಲು ಚಾರ್ಜರ್‌ಗಳು ಜರ್ಮನಿ, ಫ್ರಾನ್ಸ್ ಸಾಕೆಟ್ಟಿಗೆ ನೇರವಾಗಿ ಕೂರುತ್ತವೆ. ನಮ್ಮ ಮೂರು ಪಿನ್ನು ಕೂರುವುದಿಲ್ಲ.

ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದಾಗ ಜುಮ್ ಅನ್ನುತ್ತದೆ ಅಂತ ಅನೇಕರು ಹೆದರುತ್ತಾರೆ. ಅರ್ಥ್ ಇಲ್ಲದ ಅಡಾಪ್ಟರ್ ಹಾಕಿದಾಗ ಇದು ಜಾಸ್ತಿ. ಚಾರ್ಜರ್‌ನ ಎರಡು ಭಾಗಗಳ ನಡುವೆ ರೇಡಿಯೊ ಗಲಾಟೆ ತಡೆಯಲು ಒಂದು ಸಣ್ಣ ಕೆಪಾಸಿಟರ್ ಇಟ್ಟಿರುತ್ತಾರೆ. ಅದರ ಮೂಲಕ ಚೂರೇ ಚೂರು ಕರೆಂಟು ಸೋರುತ್ತದೆ. ಒಳ್ಳೆಯ ಚಾರ್ಜರ್‌ನಲ್ಲಿ ಅದು ಅಪಾಯದ ಮಟ್ಟಕ್ಕಿಂತ ಬಹಳ ಕೆಳಗೆ. ಚಾರ್ಜರ್ ಕೂಡ ಅರ್ಥ್ ಇರುವ ಮೂರು ಪಿನ್ನಿನದಾಗಿದ್ದರೆ, ಅರ್ಥ್ ಇರುವ ಅಡಾಪ್ಟರ್ ಹಾಕಿದಾಗ ಸಾಮಾನ್ಯವಾಗಿ ಜುಮ್ ನಿಲ್ಲುತ್ತದೆ.

ಇಷ್ಟು ಹೊತ್ತು ಭಯಪಡಬೇಡಿ ಅಂತ ಹೇಳಿದೆ. ಈಗ ನಿಜವಾಗಿ ಭಯಪಡಬೇಕಾದದ್ದು. ಬಿಸಿ ಮಾಡುವ, ತಿರುಗುವ ಸಾಮಾನುಗಳ ಒಳಗೆ ಆ ಬೆಳಕಿನ ಸನ್ನೆಯ ಕಾವಲುಗಾರ ಇಲ್ಲ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಕೆಟಲ್, ರೈಸ್ ಕುಕ್ಕರ್ ಇವೆಲ್ಲ ಬಂದ ವೋಲ್ಟೇಜನ್ನು ಹಾಗೇ ನುಂಗುತ್ತವೆ. ಅದರಲ್ಲೂ ಲೆಕ್ಕ ವೋಲ್ಟೇಜಿನ ವರ್ಗದ್ದು (ಸ್ಕ್ವೇರ್): ವೋಲ್ಟೇಜ್ ಅರ್ಧವಾದರೆ ವ್ಯಾಟ್ ಕಾಲು ಭಾಗ. ಇಲ್ಲಿನ 1,000 ವ್ಯಾಟ್ ಕಾಯಿಲ್ ಅಮೆರಿಕದಲ್ಲಿ ಅರ್ಧವಲ್ಲ, ಸುಮಾರು 270 ವ್ಯಾಟ್. ನೀರು ಉಗುರುಬೆಚ್ಚಗಾದರೆ ಪುಣ್ಯ. ಮಿಕ್ಸಿಯ ಪಾಡೂ ಹೆಚ್ಚುಕಡಿಮೆ ಹೀಗೇ. ಮಗಳಿಗೆ ಅಂತ ಹೊತ್ತುಕೊಂಡು ಹೋದ 750 ವ್ಯಾಟಿನ ಮಿಕ್ಸಿ ಅಲ್ಲಿ ಉದ್ದಿನ ಬೇಳೆ ರುಬ್ಬಲಾರದೆ ನರಳುತ್ತದೆ. 110 ವೋಲ್ಟಿನ ಮಿಕ್ಸಿ ಇಲ್ಲೇ ಮಾರಾಟಕ್ಕಿದೆ, ಅದನ್ನೇ ಕೇಳಿ ತಗೊಳ್ಳಿ.

ತಿರುಗಿ ಬರುವಾಗಿನದು ಇನ್ನೂ ಕೆಟ್ಟದ್ದು. ಅಲ್ಲಿಂದ ತಂದ 120 ವೋಲ್ಟ್, 1,000 ವ್ಯಾಟಿನ ಕೆಟಲ್ ಇಲ್ಲಿ ಸಿಕ್ಕಿಸಿದ ಕ್ಷಣಕ್ಕೆ 3,600 ವ್ಯಾಟಿಗೂ ಮೇಲೆ ಎಳೆಯುತ್ತದೆ. ಫ್ಯೂಸ್ ಹೋದರೆ ಅದೃಷ್ಟ, ಹೋಗದಿದ್ದರೆ ಬೆಂಕಿ. ಯಾರೂ ಸಂಶಯಪಡದ ಇನ್ನೊಂದು ಸಾಮಾನು ಎಕ್ಸ್‌ಟೆನ್ಶನ್ ಬೋರ್ಡು. ಅಮೆರಿಕದ ಸರ್ಜ್ ಪ್ರೊಟೆಕ್ಟರ್ ಬೋರ್ಡಿನೊಳಗೆ ವೋಲ್ಟೇಜ್ ಮಿತಿ ಮೀರಿದರೆ ಕರೆಂಟನ್ನು ತನ್ನ ಕಡೆ ಎಳೆದುಕೊಳ್ಳುವ ಒಂದು ಬಿಲ್ಲೆ ಇರುತ್ತದೆ. 120ಕ್ಕೆ ಮಾಡಿದ ಆ ಬಿಲ್ಲೆಗೆ ನಮ್ಮ ದಿನನಿತ್ಯದ 230 ಅಂದರೇ ಸಿಡಿಲು. ಕಾದು ಒಡೆದು ಹೊತ್ತಿಕೊಳ್ಳಬಹುದು. ಅಡಾಪ್ಟರ್ ಹಾಕಿ ಪಿನ್ನು ಕೂತರೂ ಅದನ್ನು ಇಲ್ಲಿ ಬಳಸಬೇಡಿ.

ಆನೆಗೊಂದಿ, ಸಾಣಾಪುರದ ಹೋಮ್‌ಸ್ಟೇ ನಡೆಸುವವರು ಇದೇ ಸಮಸ್ಯೆಯನ್ನು ಆ ಕಡೆಯಿಂದ ನೋಡುತ್ತಾರೆ. ಹಂಪಿ ನೋಡಲು ಬಂದ ಅತಿಥಿ ಚಪ್ಪಟೆ ಪಿನ್ನಿನ ಚಾರ್ಜರ್ ಹಿಡಿದು ನಿಂತಾಗ ಅಡಾಪ್ಟರ್ ಕೊಟ್ಟರೆ ಆಯಿತು. ಆದರೆ ಕೂದಲು ಒಣಗಿಸುವ ಡ್ರೈಯರ್‌ಗೆ ಅದೇ ಅಡಾಪ್ಟರ್ ಕೇಳಿದರೆ, ಮೊದಲು ಅದನ್ನು ಕೈಗೆ ತಗೊಂಡು ನೋಡಿ. ಎಷ್ಟೋ ಟ್ರಾವೆಲ್ ಡ್ರೈಯರ್‌ಗಳ ಹಿಡಿಕೆಯಲ್ಲಿ 125/250 ಅಂತ ಬರೆದ ಸಣ್ಣ ತಿರುಪು ಇರುತ್ತದೆ, ನಾಣ್ಯದ ಅಂಚಿನಿಂದ ತಿರುಗಿಸುವಂಥದ್ದು. ಅದನ್ನು 250ಕ್ಕೆ ಇಟ್ಟು ಕೊಡಿ. ಅಂಥ ತಿರುಪಿಲ್ಲದೆ ಬರೀ 120 ಅಂತ ಇದ್ದರೆ ಅಡಾಪ್ಟರ್ ಕೊಡಬೇಡಿ, ನಮ್ಮ ಡ್ರೈಯರ್ ಒಂದನ್ನು ಕೊಡಿ.