ಪದ ಪರಿಚಯ: ಐಯುಜಿಆರ್ ಮತ್ತು ಕೂಸಿನ ಮಿದುಳಿನ ಇಂಧನ

ಕಲಬುರಗಿ, ಬೀದರ್ ಕಡೆಯ ಸ್ಕ್ಯಾನಿಂಗ್ ವರದಿಗಳಲ್ಲಿ ‘ಐಯುಜಿಆರ್’ ಎಂದು ಬರೆದಿದ್ದರೆ (ಈಚೆಗೆ ‘ಎಫ್‌ಜಿಆರ್’ ಅಂತಲೂ ಬರೆಯುತ್ತಾರೆ), ಕೂಸು ಗರ್ಭದಲ್ಲಿ ಬೆಳೆಯಬೇಕಾದಷ್ಟು ಬೆಳೆಯುತ್ತಿಲ್ಲ ಎಂದರ್ಥ. ಅಂದಾಜು ತೂಕ ಆ ವಾರದ 10ನೇ ಪರ್ಸೆಂಟೈಲ್‌ಗಿಂತ ಕಡಿಮೆ ಇದ್ದರೆ, ಅಂದರೆ ಅದೇ ವಾರದ ನೂರು ಕೂಸುಗಳಲ್ಲಿ ತೀರಾ ಸಣ್ಣ ಹತ್ತರೊಳಗೆ ಬಂದರೆ, ಅನುಮಾನ. 3ಕ್ಕಿಂತ ಕೆಳಗಿದ್ದರೆ ಗಂಭೀರ. ಅಪ್ಪ-ಅವ್ವ ಸಣ್ಣ ಮೈಯವರಾಗಿ ಕೂಸೂ ಸಣ್ಣದಿದ್ದರೆ ಆ ಮಾತು ಬೇರೆ. ಇಲ್ಲಿ ತೊಂದರೆ ಹೆಚ್ಚಾಗಿ ಮಾಸಿನದು (ಪ್ಲಾಸೆಂಟಾ). ಬಸುರಿಯ ಬಿಪಿ, ತೀವ್ರ ರಕ್ತಹೀನತೆ, ತಂಬಾಕು ಅದಕ್ಕೆ ಕೂಡಿಕೊಳ್ಳುತ್ತವೆ.

ಮಾಸಿನಿಂದ ಆಮ್ಲಜನಕ, ಗ್ಲೂಕೋಸ್ ಸಾಲದಾದಾಗ ಭ್ರೂಣ ರಕ್ತವನ್ನು ಮಿದುಳು, ಹೃದಯದ ಕಡೆ ತಿರುಗಿಸುತ್ತದೆ. ಯಕೃತ್ತು, ಸ್ನಾಯುಗಳಿಗೆ ಕೊರತೆ ಬೀಳುತ್ತದೆ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೊಕ್ಕುಳಬಳ್ಳಿಯ ರಕ್ತನಾಳದ ಪಿಐ (ಹರಿವಿಗೆ ಇರುವ ತಡೆಯ ಅಳತೆ) ಏರಿ, ಮಿದುಳಿನ ಮುಖ್ಯ ರಕ್ತನಾಳವಾದ ಎಂಸಿಎಯ ಪಿಐ ಇಳಿದಿರುತ್ತದೆ. ಇದೇ ‘ಬ್ರೈನ್ ಸ್ಪೇರಿಂಗ್’. ಹೆಸರು ಕೇಳಿ ಮಿದುಳು ಬಚಾವಾಯಿತು ಅಂದುಕೊಳ್ಳಬಾರದು. ಉಳಿಯುವುದು ಬಹುಮಟ್ಟಿಗೆ ತಲೆಯ ಅಳತೆ. ಒಳಗೆ ನರತಂತುಗಳ ಮೈಲಿನ್ ಹೊದಿಕೆ ತಡವಾಗಬಹುದು.

ನಿಜವಾದ ಇಕ್ಕಟ್ಟು ಹುಟ್ಟಿದ ಮೇಲೆ. ದಿನ ತುಂಬಿದ ಆರೋಗ್ಯವಂತ ಕೂಸಿನಲ್ಲಿ ಮಿದುಳಿನ ತೂಕ ಯಕೃತ್ತಿನ ಸುಮಾರು 3 ಪಟ್ಟು. ಇಂಥ ಕೂಸಿನಲ್ಲಿ 5 ಪಟ್ಟಾದರೂ ಆದೀತು. ಗ್ಲೂಕೋಸ್ ಕೂಡಿಡುವ ಅಂಗ ಸಣ್ಣದು, ತಿನ್ನುವ ಅಂಗ ದೊಡ್ಡದು. ಗ್ಲೂಕೋಸ್ ತೀರಿದಾಗ ಮಿದುಳು ಕೊಬ್ಬಿನಿಂದಾಗುವ ಕೀಟೋನ್ ಎಂಬ ಇಂಧನ ಉರಿಸಬಲ್ಲದು, ಆದರೆ ಅದನ್ನು ಮಾಡಿಕೊಳ್ಳಲು ಮೈಯಲ್ಲಿ ಸಾಕಷ್ಟು ಕೊಬ್ಬಿಲ್ಲ. ಸಕ್ಕರೆ ಮತ್ತೆ ಮತ್ತೆ ತೀರಾ ಇಳಿದರೆ ದೃಷ್ಟಿಗೆ ಸಂಬಂಧಿಸಿದ ಮಿದುಳಿನ ಹಿಂಭಾಗಕ್ಕೆ ಹೆಚ್ಚು ಪೆಟ್ಟು. ಮುಂದೆ ಫಿಟ್ಸ್ ಕೂಡ ಬರಬಹುದು.

ಹಾಗಾಗಿ ಹುಟ್ಟಿದ ಒಂದು ಗಂಟೆಯೊಳಗೆ ಅವ್ವನ ಗಿಣ್ಣುಹಾಲು, ಆಮೇಲೆ 2–3 ತಾಸಿಗೊಮ್ಮೆ ಹಾಲು. ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದಾಗ ಡೆಸಿಲೀಟರ್ ರಕ್ತಕ್ಕೆ 45 ಮಿ.ಗ್ರಾಂಗಿಂತ ಕಡಿಮೆ ಬಂದರೆ ವೈದ್ಯರು ಕೂಡಲೇ ಕ್ರಮ ಕೈಗೊಳ್ಳುತ್ತಾರೆ. ಕೂಸು ನಡುಗದೆ, ಅಳದೆ ಸುಮ್ಮನೆ ಮಲಗಿದ್ದರೂ ಸಕ್ಕರೆ ಇಳಿದಿರಬಹುದು. ಚಳಿ ಹತ್ತಿದರೆ ಮೈ ಕಾಯಿಸಲಿಕ್ಕೇ ಗ್ಲೂಕೋಸ್ ಖರ್ಚಾಗುತ್ತದೆ. ಬೀದರ್‌ನ ಡಿಸೆಂಬರ್ ಚಳಿಯಲ್ಲಿ ಅವ್ವನ ಎದೆಗೆ ಅಪ್ಪಿಸಿಡುವುದೂ ಚಿಕಿತ್ಸೆಯೇ. ಜೇನು, ಸಕ್ಕರೆ ನೀರು ನೆಕ್ಕಿಸುವುದು ಬೇಡವೇ ಬೇಡ.

ಮುಂದಿನ ವರ್ಷಗಳ ಪರಿಣಾಮಕ್ಕೆ ಬ್ರಿಟನ್ನಿನ ಸಂಶೋಧಕರಾದ ಹೇಲ್ಸ್ ಮತ್ತು ಬಾರ್ಕರ್ 1992ರಲ್ಲಿ ಒಂದು ವಿವರಣೆ ಕೊಟ್ಟರು: ಕೊರತೆಗೆ ಒಗ್ಗಿಕೊಂಡ ದೇಹ ಸಮೃದ್ಧಿಯಲ್ಲಿ ಮಧುಮೇಹಕ್ಕೆ ಒಳಗಾಗುತ್ತದೆ. ಹಸಿವು ನಿಭಾಯಿಸುವ ಮಿದುಳಿನ ಭಾಗವಾದ ಹೈಪೊಥಲಾಮಸ್, ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್, ಇನ್ಸುಲಿನ್ ಹಾರ್ಮೋನುಗಳ ಸಂಕೇತಗಳಿಗೆ ಮಂದವಾಗಿ ಸ್ಪಂದಿಸುವುದು ಪ್ರಾಣಿಗಳ ಪ್ರಯೋಗಗಳಲ್ಲಿ ಕಂಡಿದೆ. ಸಣಕಲು ಕೂಸನ್ನು ಬೇಗ ಗುಂಡಗೆ ಮಾಡುವ ಹಟ ಅದಕ್ಕೇ ಒಳ್ಳೆಯದಲ್ಲ.

ತಾಯಿ ಕಾರ್ಡಿನಲ್ಲಿ ಹುಟ್ಟುತೂಕದ ಜೊತೆ ಎಷ್ಟನೇ ವಾರದ ಹೆರಿಗೆ ಎಂಬುದನ್ನೂ ಬರೆಸಿಕೊಳ್ಳಿ. 2.3 ಕಿಲೊ 35ನೇ ವಾರಕ್ಕೆ ಸರಿಯಾದ ತೂಕ, 39ನೇ ವಾರಕ್ಕೆ ಅಲ್ಲ.