ಗ್ಯೋಜಾ ಬಾಣಲೆ ಬಿಟ್ಟು ಏಳುವುದೇ ಇಲ್ಲವಲ್ಲ!

ಪ್ರಶ್ನೆ: ಮನೆಯಲ್ಲಿ ಜಪಾನಿನ ಗ್ಯೋಜಾ (ಮೈದಾ ಹಾಳೆಯಲ್ಲಿ ಹೂರಣ ತುಂಬಿದ ಕಡುಬು) ಮಾಡಿದಾಗಲೆಲ್ಲ ತಳ ಬಾಣಲೆಗೆ ಅಂಟಿಕೊಳ್ಳುತ್ತದೆ. ಎತ್ತಲು ಹೋದರೆ ಹರಿದು ಹೂರಣ ಹೊರಗೆ. ಎಣ್ಣೆ ಜಾಸ್ತಿ ಹಾಕಿದರೂ ಅಷ್ಟೇ. ಕೆಳಗೆ ಗರಿಗರಿ, ಮೇಲೆ ಮೆತ್ತಗೆ ಬರಬೇಕಾದರೆ ಏನು ಮಾಡಬೇಕು?

ಉತ್ತರ: ನೀವು ಮುಚ್ಚಳ ತೆಗೆದ ಕೂಡಲೇ ಎತ್ತಲು ಹೋಗುತ್ತಿದ್ದೀರಿ ಅನಿಸುತ್ತದೆ. ಇನ್ನೆರಡು ನಿಮಿಷ ಕಾಯಬೇಕು. ನಾನೂ ಮೊದಲ ಸಲ ಇದೇ ಅವಸರ ಮಾಡಿ, ಎಲ್ಲವನ್ನೂ ಕೆರೆದು ಅನ್ನಕ್ಕೆ ಕಲಸಿಕೊಂಡು ತಿಂದಿದ್ದೆ. ರುಚಿ ಚೆನ್ನಾಗಿಯೇ ಇತ್ತು, ಅದು ಬೇರೆ ಮಾತು.

ಗ್ಯೋಜಾ ಒಂದೇ ಬಾಣಲೆಯಲ್ಲಿ ಹುರಿದು, ಬೇಯಿಸಿ, ಮತ್ತೆ ಹುರಿಯುವ ತಿಂಡಿ. ಮೊದಲು ಒಂದು ಚಮಚ ಎಣ್ಣೆಯಲ್ಲಿ ಎರಡು ನಿಮಿಷ ತಳ ಹೊಂಬಣ್ಣಕ್ಕೆ ತಿರುಗಲಿ. ಆಮೇಲೆ ಗ್ಯೋಜಾದ ಎತ್ತರದ ಮೂರರಲ್ಲೊಂದು ಭಾಗ ಮುಳುಗುವಷ್ಟು ಬಿಸಿನೀರು ಹಾಕಿ ಮುಚ್ಚಿ. ತಣ್ಣೀರು ಬೇಡ, ಬಾಣಲೆಯ ಕಾವು ಇಳಿದುಬಿಡುತ್ತದೆ. ನಾಲ್ಕೈದು ನಿಮಿಷದಲ್ಲಿ ಹೂರಣ ಬೇಯುತ್ತದೆ.

ಆದರೆ ಈ ಹೊತ್ತಿಗೆ ತಳ ನೀರು ಕುಡಿದು ಗಂಜಿಯ ಹಾಗೆ ಅಂಟಂಟಾಗಿರುತ್ತದೆ. ನೀರು ಇರುವವರೆಗೆ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಹಿಟ್ಟು ಕೆಂಪಗಾಗಿ ಗರಿಯಾಗಲು 140 ಡಿಗ್ರಿಗಿಂತ ಹೆಚ್ಚು ಬೇಕು. ಹಾಗಾಗಿ ಮುಚ್ಚಳ ತೆಗೆದು ನೀರೆಲ್ಲ ಆರಲು ಬಿಡಿ. ಕಿವಿಗೊಟ್ಟರೆ ಗೊತ್ತಾಗುತ್ತದೆ: ಮೊದಲು ಕೊತಕೊತ ಸದ್ದು, ನೀರು ಮುಗಿದಾಗ ಚಟಪಟ. ಆಗ ಅಂಚಿನಲ್ಲಿ ಸ್ವಲ್ಪ ಎಣ್ಣೆ ಬಿಡಿ. ತಳ ಒಣಗಿ ಗಟ್ಟಿಯಾದ ಮೇಲೆ ಗ್ಯೋಜಾ ತಾನಾಗಿಯೇ ಸಡಿಲವಾಗುತ್ತದೆ. ದೋಸೆ ಕೆಂಪಗಾದ ಮೇಲೆ ಅಂಚು ಬಿಟ್ಟುಕೊಂಡು ಏಳುತ್ತದಲ್ವಾ, ಹಾಗೇ. ಬಾಣಲೆ ಅಲ್ಲಾಡಿಸಿದಾಗ ಜಾರಿದರೆ ಎತ್ತಬಹುದು. ಅಂದಹಾಗೆ, ದೋಸೆ ಕಾವಲಿಯಲ್ಲಿ ಇದನ್ನು ಮಾಡಬೇಡಿ. ನೀರು ನಿಲ್ಲುವುದಕ್ಕೆ ಅಂಚು ಬೇಕು. ಹೊಸಬರಿಗೆ ನಾನ್‌ಸ್ಟಿಕ್ ಬಾಣಲೆ ಸುಲಭ.

ಹರಿಯುವುದಕ್ಕೆ ಇನ್ನೊಂದು ಕಾರಣ ಎಲೆಕೋಸು. ಜಪಾನಿನ ಮನೆಗಳಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ಕೀಮಾ, ಎಲೆಕೋಸು, ನಿರಾ ಎಂಬ ಬೆಳ್ಳುಳ್ಳಿ ವಾಸನೆಯ ಸೊಪ್ಪು, ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸ್ ಹಾಕುತ್ತಾರೆ. ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ಹದಿನೈದು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಬರುವ ನೀರು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಅಷ್ಟೂ ನೀರು ಒಳಗೇ ಉಳಿದರೆ ಹಾಳೆ ನೆನೆದು ಹರಿಯದೆ ಇನ್ನೇನಾಗುತ್ತದೆ? ಸಸ್ಯಾಹಾರಿಗಳು ಮಾಂಸದ ಬದಲು ತೋಫು, ಅಣಬೆ ಹಾಕಬಹುದು. ಅವುಗಳ ನೀರನ್ನೂ ತೆಗೆಯಲೇಬೇಕು.

ಹೂರಣಕ್ಕೆ ಹಾಕುವ ಎಣ್ಣೆಯ ಬಗ್ಗೆ ಒಂದು ಮಾತು. ಜಪಾನಿನ ಎಳ್ಳೆಣ್ಣೆ ಹುರಿದ ಎಳ್ಳಿನದು, ಕಂದು ಬಣ್ಣ, ಘಮ ಜೋರು. ನಮ್ಮ ಗಾಣದ ಎಳ್ಳೆಣ್ಣೆಯಲ್ಲಿ ಆ ಘಮ ಬರುವುದಿಲ್ಲ. ಜಪಾನಿನದು ಸಿಗದಿದ್ದರೆ ಎಳ್ಳು ಹುರಿದು ತರಿತರಿಯಾಗಿ ಕುಟ್ಟಿ ಹೂರಣಕ್ಕೆ ಬೆರೆಸಿ.

ಹಾಳೆಗೆ 200 ಗ್ರಾಂ ಮೈದಾ, ಚಿಟಿಕೆ ಉಪ್ಪು, ಸುಮಾರು 100 ಮಿಲಿ ಬಿಸಿನೀರು. ಕಲಸಿ, ನಾದಿ, ಅರ್ಧ ಗಂಟೆ ಮುಚ್ಚಿಡಿ. ಅಂಗೈ ಅಗಲಕ್ಕೆ ಲಟ್ಟಿಸಿ, ನಡು ಕೊಂಚ ದಪ್ಪ, ಅಂಚು ತೆಳು. ಹೂರಣ ಇಟ್ಟು ಮಡಿಸಿ ಅಂಚು ಒತ್ತುವಾಗ ನಿರಿಗೆ ಒಂದೇ ಕಡೆಗೆ ಹಾಕಿ. ಕರ್ಜಿಕಾಯಿ ಕಟ್ಟಿದ ಕೈಗೆ ಇದು ಕಷ್ಟವಲ್ಲ. ಒಂದೇ ಕಡೆ ನಿರಿಗೆ ಬಿದ್ದಾಗ ಅದು ಬಾಗಿ, ತಳ ಚಪ್ಪಟೆಯಾಗಿ ಕೂರುತ್ತದೆ. ಚಪ್ಪಟೆ ಕೂತರೆ ತಾನೇ ತಳವಿಡೀ ಒಂದೇ ಸಮ ಗರಿಯಾಗುವುದು?

ಮೂಲದಲ್ಲಿ ಇದು ಚೀನಾದ ಜಿಯಾವೊಝಿ. ಅಲ್ಲಿ ನೀರಿನಲ್ಲಿ ಬೇಯಿಸಿ ತಿನ್ನುವುದೇ ಹೆಚ್ಚು. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದಿಂದ ಮರಳಿದ ಜಪಾನಿಯರು ಈ ರುಚಿಯನ್ನು ಊರೂರಿಗೆ ಹರಡಿದರು. ಹಾಳೆ ತೆಳುವಾಯಿತು, ಬೆಳ್ಳುಳ್ಳಿ ಜಾಸ್ತಿಯಾಯಿತು, ಬಾಣಲೆಯಲ್ಲಿ ಹುರಿಯುವುದೇ ರೂಢಿಯಾಯಿತು. ಇವತ್ತು ಗ್ಯೋಜಾ ಅಂದರೆ ಜಪಾನಿನಲ್ಲಿ ಉತ್ಸುನೊಮಿಯಾ ಮತ್ತು ಹಮಾಮಾತ್ಸು ನಗರಗಳ ಹೆಸರು ಮೊದಲು ಬರುತ್ತದೆ. ಗ್ಯೋಜಾಗೆ ಯಾರು ಹೆಚ್ಚು ಖರ್ಚು ಮಾಡುತ್ತಾರೆ ಎಂದು ಇವೆರಡರ ನಡುವೆ ಪ್ರತಿವರ್ಷ ಪೈಪೋಟಿಯೂ ಉಂಟು.

ಬಡಿಸುವುದಕ್ಕೆ ಹಮಾಮಾತ್ಸುವಿನವರ ಉಪಾಯ ನನಗೆ ಇಷ್ಟ. ಬಾಣಲೆಯಲ್ಲಿ ದುಂಡಗೆ ಜೋಡಿಸಿ ಬೇಯಿಸುತ್ತಾರೆ. ನೀವೂ ಹಾಗೇ ಜೋಡಿಸಿ. ನೀರು ಪೂರ್ತಿ ಆರಿ, ತಳ ಗರಿಯಾಗಿ ಸಡಿಲವಾದ ಮೇಲೆ ಮೇಲೊಂದು ತಟ್ಟೆ ಕವುಚಿ, ಬಾಣಲೆಯನ್ನು ಒಮ್ಮೆಲೇ ಬೋರಲು ಹಾಕಿ. ಒಂದೊಂದಾಗಿ ಎಬ್ಬಿಸುವ ಗೋಳೇ ಇಲ್ಲ, ಗರಿಯಾದ ತಳವೂ ಮೇಲೆ ಬರುತ್ತದೆ. ನಡುವಿನ ಖಾಲಿ ಜಾಗಕ್ಕೆ ಅವರು ಬೇಯಿಸಿದ ಮೊಳಕೆ ಹಾಕುತ್ತಾರೆ. ನಂಚಿಕೊಳ್ಳಲು ಸೋಯಾ ಸಾಸ್, ವಿನೆಗರ್, ಎರಡು ಹನಿ ಖಾರದೆಣ್ಣೆ.